ಪಕ್ಕದಲ್ಲಿ ತೆಂಗಿನ ಮರ ಇದ್ದರೆ ಮೈಕ್ರೋ ಇನ್ವರ್ಟರೇ ಸರಿ

ಮಂಡ್ಯದ ನಮ್ಮ ಮನೆ ತಾರಸಿ ಮೇಲೆ 3 ಕಿಲೋವಾಟ್ ಸೋಲಾರ್ ಇದೆ, ಆರು ಪ್ಯಾನೆಲ್‌ಗೂ ಸೇರಿ ಗೋಡೆ ಮೇಲೆ ಒಂದೇ ಸ್ಟ್ರಿಂಗ್ ಇನ್ವರ್ಟರ್. ಇಲ್ಲಿ ಇನ್ವರ್ಟರ್ ಅಂದರೆ ಬ್ಯಾಟರಿಯ ಯುಪಿಎಸ್ ಅಲ್ಲ, ಪ್ಯಾನೆಲ್ಲಿನ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿ ಕರೆಂಟಾಗಿ ಬದಲಿಸುವ ಪೆಟ್ಟಿಗೆ. ಮೈಸೂರು ಸರಸ್ವತಿಪುರಂನಲ್ಲಿ ಅಮ್ಮನ ಮನೆಗೂ ಅಷ್ಟೇ ಹಾಕಿಸಿದೆವು. ಅಲ್ಲಿ ಪ್ರತಿ ಪ್ಯಾನೆಲ್ ಅಡಿಗೂ ಒಂದೊಂದು ಮೈಕ್ರೋ ಇನ್ವರ್ಟರ್. ಎರಡೂ ಕಡೆ ಪಕ್ಕದಲ್ಲಿ ತೆಂಗಿನ ಮರ. ಹೊಸದಾಗಿ ಹಾಕಿಸುವವರು ಯಾರು ಕೇಳಿದರೂ ನಾನು ಹೇಳೋದು ಮೈಕ್ರೋ ಅಂತಲೇ.

ಮಂಡ್ಯದ ಮನೆ ನೋಡೋಕೆ ಏಜೆನ್ಸಿಯವರು ಬಂದದ್ದು ಮೇ ತಿಂಗಳ ಮಧ್ಯಾಹ್ನ. "ಎಲ್ಲೂ ನೆರಳಿಲ್ಲ, ಆರಾಮಾಗಿ ಹಾಕಬಹುದು" ಅಂದು ಅಳತೆ ತಗೊಂಡು ಹೋದರು. ಮೇನಲ್ಲಿ ನಮ್ಮ ಕಡೆ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಸರಿದಿರುತ್ತಾನೆ, ದಕ್ಷಿಣಕ್ಕಿರುವ ಮರದ ನೆರಳು ಮನೆ ಕಡೆ ಬರೋದೇ ಇಲ್ಲ. ದೀಪಾವಳಿ ಕಳೆಯುತ್ತಲೇ ಕಥೆ ಬೇರೆಯಾಯಿತು. ಡಿಸೆಂಬರಿನಲ್ಲಿ ತಾರಸಿಗಿಂತ 20 ಅಡಿ ಮೇಲಿರುವ ಮರ ಮಟಮಟ ಮಧ್ಯಾಹ್ನವೂ 14 ಅಡಿ ನೆರಳು ಚಾಚುತ್ತೆ, ಬೆಳಿಗ್ಗೆ ಇನ್ನೂ ಉದ್ದ. ಮೋಡವಿಲ್ಲದ ದಿನ ಸುಮಾರು 12 ಯೂನಿಟ್ ಕೊಡುತ್ತಿದ್ದದ್ದು 8ಕ್ಕೆ ಇಳಿಯಿತು.

ಸ್ಟ್ರಿಂಗ್‌ನಲ್ಲಿ ಪ್ಯಾನೆಲ್‌ಗಳೆಲ್ಲ ಒಂದರ ಹಿಂದೆ ಒಂದು ಸಾಲಾಗಿ ಜೋಡಿಸಿರುತ್ತವೆ. ನೀರಿನ ಪೈಪನ್ನು ಒಂದು ಕಡೆ ತುಳಿದರೂ ಹರಿವು ಪೂರ್ತಿ ಕುಗ್ಗುವ ಹಾಗೆ, ಒಂದರ ಮೇಲೆ ನೆರಳು ಬಿದ್ದರೆ ಉಳಿದವೂ ಸೊರಗುತ್ತವೆ. ಬೈಪಾಸ್ ಡಯೋಡ್ ಇದೆಯಲ್ಲ ಅಂತ ಏಜೆನ್ಸಿಯವರ ಸಮಾಧಾನ. ಇದೆ, ನಿಜ. ಸಾಮಾನ್ಯವಾಗಿ ಪ್ಯಾನೆಲ್‌ಗೆ ಮೂರು ಡಯೋಡ್, ನೆರಳು ತಾಗಿದ ಮೂರನೇ ಒಂದು ಭಾಗವನ್ನು ಬಿಟ್ಟು ಕರೆಂಟ್ ಮುಂದೆ ಹೋಗುತ್ತೆ. ನೀರಿನ ಟ್ಯಾಂಕಿನ ನೆರಳಾಗಿದ್ದರೆ ಒಂದು ಮೂಲೆಗೆ ಬಿದ್ದು ಅಲ್ಲಿಗೇ ಮುಗಿಯುತ್ತಿತ್ತು. ತೆಂಗಿನ ಗರಿ ಹಾಗಲ್ಲ. ಬೆರಳಗಲದ ನೆರಳುಗಳು ನಾಲ್ಕೈದು ಪ್ಯಾನೆಲ್ ಮೇಲೆ ಚೆಲ್ಲಿಕೊಂಡಿರುತ್ತವೆ, ಗಾಳಿ ಬೀಸಿದಾಗೆಲ್ಲ ಜಾಗ ಬದಲಿಸುತ್ತವೆ. ಎಲ್ಲದರಲ್ಲೂ ಒಂದೊಂದು ಭಾಗ ಕಳಚಿಕೊಂಡು, ಇನ್ವರ್ಟರ್ ಯಾವ ವೋಲ್ಟೇಜಿನಲ್ಲೂ ನೆಲೆ ನಿಲ್ಲದೆ ತಡಕಾಡುತ್ತೆ. ಆಪ್‌ನಲ್ಲಿ ಕಾಣೋದು ಒಟ್ಟು ಲೆಕ್ಕ ಮಾತ್ರ.

ಮರ ಕಡಿಸಿ ಅನ್ನುವವರಿದ್ದಾರೆ. ಮರ ಪಕ್ಕದವರದು, ಕಾಯಿ ಬಿಡುವ ಮರ. ನಮ್ಮದೇ ಆಗಿದ್ದರೂ ನಾನು ಕೊಡಲಿ ಹಾಕಿಸುತ್ತಿರಲಿಲ್ಲ.

ಅಮ್ಮನ ಮನೆಯಲ್ಲಿ ನೆರಳು ಬಿದ್ದ ಪ್ಯಾನೆಲ್ಲಿಗೆ ಮಾತ್ರ ನಷ್ಟ, ಉಳಿದವು ತಮ್ಮ ಪಾಡಿಗೆ ದುಡಿಯುತ್ತವೆ. ಡಿಸೆಂಬರಿನಲ್ಲೂ 10ಕ್ಕೆ ಕಮ್ಮಿ ಬಂದದ್ದು ಅಪರೂಪ. ಪ್ರತಿ ಪ್ಯಾನೆಲ್ಲಿನ ಲೆಕ್ಕವೂ ಮೊಬೈಲಿನಲ್ಲಿ ಬೇರೆ ಬೇರೆ ಸಿಗುತ್ತೆ. ಒಳ್ಳೇ ಬಿಸಿಲಿನಲ್ಲಿ ಒಂದು ಮಾತ್ರ ಮಂಕಾಗಿತ್ತು, ಹತ್ತಿ ನೋಡಿದರೆ ಪಾರಿವಾಳದ ಹಿಕ್ಕೆ ಗಟ್ಟಿಯಾಗಿ ಕೂತಿತ್ತು. ಒರೆಸಿದ ಮೇಲೆ ಸರಿಹೋಯಿತು.

ರಿಪೇರಿ ವಿಷಯದಲ್ಲಿ ಸ್ಟ್ರಿಂಗ್ ಮೇಲು: ಗೋಡೆಯಿಂದ ಬಿಚ್ಚಿದರೆ ಆಯಿತು. ಮೈಕ್ರೋ ಕೆಟ್ಟರೆ ಪ್ಯಾನೆಲ್ಲನ್ನೇ ಎತ್ತಬೇಕು.

ಪಿಎಂ ಸೂರ್ಯಘರ್ ಸಬ್ಸಿಡಿ ಎರಡಕ್ಕೂ ಒಂದೇ, 3 ಕಿಲೋವಾಟ್‌ಗೆ 78,000 ರೂಪಾಯಿ. ಬ್ಯಾಟರಿ ಇಲ್ಲದಿದ್ದರೆ ಕರೆಂಟ್ ಹೋದಾಗ ಎರಡೂ ನಿಲ್ಲುತ್ತವೆ, ಲೈನ್‌ಮನ್ ಸುರಕ್ಷತೆಗೆ ಅದು ಬೇಕೇ ಬೇಕು. ಹಾಗಾಗಿ ಹಳೇ ಯುಪಿಎಸ್ ಮಾರಬೇಡಿ. ಗೃಹಜ್ಯೋತಿಯಲ್ಲೇ ಬಿಲ್ ಸೊನ್ನೆ ಬರುವವರಿಗೆ ಯಾವುದರ ಆತುರವೂ ಬೇಡ.

ದುಡ್ಡಿನ ಮಾತು. ನನಗೆ ಬಂದ ಕೊಟೇಶನ್‌ಗಳಲ್ಲಿ ಮೈಕ್ರೋಗೆ ಸುಮಾರು 40,000 ಹೆಚ್ಚು. ನೆರಳಿನ ನಷ್ಟ ವರ್ಷಕ್ಕೆ ಎರಡೂವರೆ ಸಾವಿರ ದಾಟಲ್ಲ, ಅದೊಂದರಿಂದಲೇ ಆ ದುಡ್ಡು ಬೇಗ ಹುಟ್ಟಲ್ಲ. ಆದರೆ ಪ್ಯಾನೆಲ್ 25 ವರ್ಷ ಬಾಳುವಷ್ಟರಲ್ಲಿ ಸ್ಟ್ರಿಂಗ್ ಇನ್ವರ್ಟರನ್ನು ಒಮ್ಮೆಯಾದರೂ ಬದಲಿಸಬೇಕಾಗುತ್ತೆ, ಅಮ್ಮನ ಮನೆಯ ಮೈಕ್ರೋಗೆ 15 ವರ್ಷ ವಾರಂಟಿ ಇದೆ. ದಿನಾ ಮೀಟರ್ ನೋಡುವ ನನ್ನಂಥವರಿಗೆ, ವರ್ಷವರ್ಷ ಎತ್ತರವಾಗುವ ಮರದ ಪಕ್ಕದಲ್ಲಿರುವವರಿಗೆ, ಆ ಹೆಚ್ಚಿನ ದುಡ್ಡು ಸಾರ್ಥಕ. ಸುತ್ತ ಬಟಾಬಯಲಾಗಿದ್ದರೆ ಸ್ಟ್ರಿಂಗ್ ಸಾಕು. ಆದರೆ ಅಡ್ವಾನ್ಸ್ ಕೊಡುವ ಮುಂಚೆ ಡಿಸೆಂಬರಿನ ಬೆಳಗಿನ ನೆರಳು ಎಲ್ಲಿ ಬೀಳುತ್ತೆ ಅಂತ ಏಜೆನ್ಸಿಯವರಿಂದ ಚಿತ್ರ ಬರೆಸಿಕೊಳ್ಳಿ.