ಮಗುವಿನ ಊಟದ ಕುರ್ಚಿ: ಮೂರು ಬಗೆ ಬಳಸಿ ನೋಡಿದ್ದು

ಮಗಳಿಗೆ 6 ತಿಂಗಳು ತುಂಬಿ ರಾಗಿ ಸರಿ ಶುರು ಮಾಡಿದಾಗ, ಅಮ್ಮ ಕಾಲು ನೀಡಿ ಕೂತು ಅದರ ಮೇಲೆ ಮಲಗಿಸಿಕೊಂಡೇ ತಿನ್ನಿಸುತ್ತಿದ್ದರು. ನಮ್ಮನ್ನೆಲ್ಲ ಸಾಕಿದ್ದೂ ಹಾಗೇ ಅಲ್ವಾ. ಆದರೆ ಮಲಗಿದ ಮಗುವಿನ ಗಂಟಲಲ್ಲಿ ತುತ್ತು ಸಿಕ್ಕಿಕೊಳ್ಳುವ ಭಯ ಜಾಸ್ತಿ. ಕುತ್ತಿಗೆ ನಿಂತು, ಆಸರೆ ಕೊಟ್ಟರೆ ನೆಟ್ಟಗೆ ಕೂರುವಂತಾದ ಮೇಲೆ ಕುರ್ಚಿಗೆ ಬದಲಾಯಿಸಿದೆವು.

ಮೊದಲು ತಂದದ್ದು ಉದ್ದ ಕಾಲಿನ, ಟ್ರೇ ಇರುವ ಪ್ಲಾಸ್ಟಿಕ್ ಕುರ್ಚಿ. ಕಾಲುಗಳು ಅಗಲವಾಗಿ ಹರಡಿಕೊಂಡಿರುವುದರಿಂದ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಸಣ್ಣ ಅಡುಗೆಮನೆಯಲ್ಲಿ ನಾವೇ ಎಡವುತ್ತೇವೆ. ಮೆತ್ತನೆ ಸೀಟಿಗೆ ಮನಸೋಲಬೇಡಿ. ಹೊಲಿಗೆಯೊಳಗೆ ರಾಗಿ ಹೋಗಿ ಒಣಗಿದರೆ ಎಷ್ಟು ಉಜ್ಜಿದರೂ ವಾಸನೆ ಹೋಗುವುದಿಲ್ಲ, ನಾವು ಎರಡೇ ವಾರಕ್ಕೆ ಅದನ್ನು ತೆಗೆದಿಟ್ಟೆವು. ಒಂದು ದಿನ ಈ ಕುರ್ಚಿಯನ್ನು ಊಟದ ಮೇಜಿನ ಪಕ್ಕಕ್ಕೇ ಇಟ್ಟಿದ್ದೆ, ನಾನು ಚಮಚ ತೊಳೆಯಲು ತಿರುಗಿದ ಹೊತ್ತಿಗೆ ಅವಳು ಎರಡೂ ಕಾಲು ಮೇಜಿಗೆ ಕೊಟ್ಟು ಒದ್ದಳು, ಕುರ್ಚಿಯ ಮುಂದಿನ ಕಾಲುಗಳು ಮೇಲೆದ್ದವು, ಕೈಗೆಟುಕುವಷ್ಟು ಹತ್ತಿರ ಇದ್ದೆ ಅಂತ ಹಿಡಿದುಕೊಂಡೆ. ಎದೆ ಹೊಡೆದುಕೊಳ್ಳುವುದು ನಿಲ್ಲಲು ಎಷ್ಟೋ ಹೊತ್ತು ಬೇಕಾಯಿತು. ಅವತ್ತಿನಿಂದ ಮೇಜು, ಗೋಡೆ ಎರಡೂ ಅವಳ ಕಾಲಿಗೆ ಸಿಗದಷ್ಟು ದೂರ.

ಎರಡನೆಯದು ಮನೆಯ ಕುರ್ಚಿಗೇ ಕಟ್ಟುವ ಬೂಸ್ಟರ್ ಸೀಟು. ಒಂದು ಪಟ್ಟಿ ಕುರ್ಚಿಯ ಬೆನ್ನಿಗೆ, ಇನ್ನೊಂದು ಸೀಟಿನ ಅಡಿಗೆ. ಮಡಚಿ ಊರಿಗೆ ಒಯ್ಯಬಹುದು, ಬೆಲೆಯೂ ಕಡಿಮೆ. ಭಾರದ ಮರದ ಕುರ್ಚಿಗೆ ಮಾತ್ರ ಕಟ್ಟಿ. ಹಗುರ ಪ್ಲಾಸ್ಟಿಕ್ ಕುರ್ಚಿಗೆ ಬೇಡವೇ ಬೇಡ, ಮಗು ಒಂದು ಕಡೆ ವಾಲಿದರೆ ಕುರ್ಚಿಯೂ ಜೊತೆಗೇ ವಾಲುತ್ತದೆ.

ಮೂರನೆಯದು ಮೇಜಿನ ಅಂಚಿಗೆ ಸ್ಕ್ರೂ ಬಿಗಿದು ಕೂರಿಸುವಂಥದ್ದು. ನಮ್ಮ ಮೇಜು ಗಾಜಿನದು, ಹಾಗಾಗಿ ಅಕ್ಕನ ಮನೆಯಲ್ಲಿ ಮಾತ್ರ ಬಳಸಿದೆವು. ಒಂಟಿ ಕಾಲಿನ ಮೇಜಿಗೂ ಆಗದು, ಮೇಜುಬಟ್ಟೆ ಇದ್ದರೆ ಜಾರುತ್ತದೆ, ಮಗುವಿನ ಕಾಲಿಗೆ ಸಿಗುವಂತೆ ಇನ್ನೊಂದು ಕುರ್ಚಿ ಇದ್ದರೆ ಅದನ್ನೇ ಒದ್ದು ಮೇಲೇಳುತ್ತದೆ. ನನಗಂತೂ ಧೈರ್ಯ ಬರಲಿಲ್ಲ.

ಯಾವುದೇ ಕೊಳ್ಳಿ, ಎರಡು ನೋಡಿ. ಕಾಲ ನಡುವೆ ಬರುವ ಬೆಲ್ಟ್ ಇರಲೇಬೇಕು, ಇಲ್ಲದಿದ್ದರೆ ಮಗು ಟ್ರೇ ಅಡಿಯಿಂದ ಕೆಳಗೆ ಜಾರಿ ಕುತ್ತಿಗೆ ಸಿಕ್ಕಿಕೊಳ್ಳಬಹುದು. ಟ್ರೇ ಇದೆ ಅಂತ ಬೆಲ್ಟ್ ಬಿಡಬೇಡಿ. ಎರಡನೆಯದು ಪಾದ ಊರಲು ಜಾಗ. ನಮ್ಮ ಉದ್ದ ಕಾಲಿನ ಕುರ್ಚಿಗೆ ಅದು ಇರಲಿಲ್ಲ, ಆಮೇಲೆ ಬೇರೆಯಾಗಿ ತಂದು ಸಿಕ್ಕಿಸಿದೆವು. 5 ನಿಮಿಷಕ್ಕೆ ಕೊಸರಾಡುತ್ತಿದ್ದವಳು ಮೆತ್ತಗೆ ಬೆಂದ ಕ್ಯಾರೆಟ್ ಹಿಡಿದು ಊಟ ಮುಗಿಯುವವರೆಗೂ ಕೂರತೊಡಗಿದಳು.

ಈಗ ಮನೆಯಲ್ಲಿ ಉದ್ದ ಕಾಲಿನದು, ಅಜ್ಜಿ ಮನೆಗೆ ಬೂಸ್ಟರ್. ಯಾರದ್ದೋ ಹಳೆಯದನ್ನು ತೆಗೆದುಕೊಳ್ಳುವುದಾದರೆ ಬಕಲ್ ಹಾಕಿ ಜೋರಾಗಿ ಎಳೆದು ನೋಡಿ, ಬಿಚ್ಚಿಕೊಂಡರೆ ಅಲ್ಲೇ ಬಿಟ್ಟು ಬನ್ನಿ.