ಮಾಕ್ ಡ್ರಾಫ್ಟ್ ಆ್ಯಪ್: ದುಡ್ಡಿನ ಲೆಕ್ಕಕ್ಕೆ ಐದು ಸ್ಟಾರ್, ಗ್ರೇಡಿಗೆ ಒಂದೇ

ಏಪ್ರಿಲ್ 15ರ ತನಕ ನನ್ನನ್ನು ಯಾರೂ ಮಾತಾಡಿಸುವ ಹಾಗಿಲ್ಲ. ಊರವರ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವ ಕೆಲಸ ನನ್ನದು. ಅದು ಮುಗಿಯಿತೋ, ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್, ಅಂದರೆ ಹೊಸ ಆಟಗಾರರ ಆಯ್ಕೆ, ಬಂದೇ ಬಿಡುತ್ತದೆ. ನಡುವಿನ ಆ ಕೆಲವು ದಿನ ಸೋಫಾ ಮೇಲೆ ಬಿದ್ದುಕೊಂಡು ಫೋನಿನಲ್ಲಿ ಫಿಲಡೆಲ್ಫಿಯಾದ ಈಗಲ್ಸ್ ತಂಡ ಕಟ್ಟುವುದು ನನ್ನ ಚಟ. ನದಿಯಾಚೆ ಫಿಲಡೆಲ್ಫಿಯಾ, ಈಚೆ ನ್ಯೂಜೆರ್ಸಿಯಲ್ಲಿ ನಾವು. ಈ ಭಾಗದಲ್ಲಿ ಬೇರೆ ತಂಡದ ಟೋಪಿ ಹಾಕಿಕೊಂಡು ಓಡಾಡಿದರೆ ಪಕ್ಕದ ಮನೆಯವರೂ ಮುಖ ತಿರುಗಿಸುತ್ತಾರೆ.

ಈ ಡ್ರಾಫ್ಟನ್ನು ಫೋನಿನಲ್ಲೇ ಸುಳ್ಳುಸುಳ್ಳೇ ಆಡಿಸುವ ಮಾಕ್ ಡ್ರಾಫ್ಟ್ ಆ್ಯಪಿನ ಹೆಸರು ಬರೆಯುತ್ತಿಲ್ಲ. ಇಂಥವು ಸಾಕಷ್ಟಿವೆ, ಒಂದರ ಜಾಯಮಾನವೇ ಮಿಕ್ಕವಕ್ಕೂ. ಬಿಟ್ಟಿ ಆವೃತ್ತಿಯೂ ಉಂಟು, ದುಡ್ಡು ಕೊಟ್ಟರೆ ಹಳೆಯ ವರ್ಷಗಳ ಡ್ರಾಫ್ಟು, ಟ್ರೇಡು, ಸಂಬಳದ ಲೆಕ್ಕ ಎಲ್ಲ ತೆರೆದುಕೊಳ್ಳುತ್ತವೆ. ನಾನು ದುಡ್ಡು ಕೊಟ್ಟವಳು, ಹಾಗಾಗಿ ಬಯ್ಯುವ ಹಕ್ಕೂ ನನ್ನದೇ.

ಅಮೆರಿಕನ್ ಫುಟ್‌ಬಾಲ್ ಗೊತ್ತಿಲ್ಲದವರಿಗೆ ಎರಡು ಮಾತು. ಐಪಿಎಲ್ ಹರಾಜಿನಲ್ಲಿ ಜೇಬು ತುಂಬಿದವನು ಕೈ ಎತ್ತುತ್ತಾನೆ. ಇಲ್ಲಿ ಕಾಲೇಜು ಆಟಗಾರರನ್ನು ಸರದಿಯ ಪ್ರಕಾರ ಆರಿಸಿಕೊಳ್ಳಬೇಕು, ಹಿಂದಿನ ಸೀಸನ್ನಿನಲ್ಲಿ ಅತ್ಯಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ, ಫೈನಲ್ ಪಂದ್ಯವಾದ ಸೂಪರ್ ಬೌಲ್ ಗೆದ್ದವರಿಗೆ ಕೊನೆಯದು. ತಂಡಗಳು 32, ಸುತ್ತುಗಳು ಏಳು. ಪಿಕ್ ಎನ್ನುವ ಈ ಸರದಿಯನ್ನೇ ಮಾರಬಹುದು, ಕೊಳ್ಳಬಹುದು, ಮುಂದಿನ ವರ್ಷದ್ದನ್ನೂ ಅಡವಿಡಬಹುದು. ಇದರ ಮೇಲೆ ಆಟಗಾರರ ಒಟ್ಟು ಸಂಬಳಕ್ಕೆ ಸ್ಯಾಲರಿ ಕ್ಯಾಪ್ ಎಂಬ ಮಿತಿ. 2025ರಲ್ಲಿ ಅದು ಪ್ರತಿ ತಂಡಕ್ಕೆ 27.92 ಕೋಟಿ ಡಾಲರ್. ಫೆಬ್ರವರಿಯಲ್ಲಿ ಆಟ ಮುಗಿದ ಮೇಲೆ ತೊಂಬತ್ತು ಜನರನ್ನು ಕೂಡಿಹಾಕಿ, ಆಗಸ್ಟ್ ಕೊನೆಗೆ 53ಕ್ಕೆ ಇಳಿಸುವ ತನಕ ನಡೆಯುವುದೆಲ್ಲ ಈ ಎರಡು ಕಟ್ಟುಪಾಡುಗಳ ಒಳಗೇ.

ಮೊದಲು ಹೊಗಳಿಬಿಡುತ್ತೇನೆ. ಸಂಬಳದ ಪುಟ ಮಾಡಿದವರು ಯಾರೋ, ಅವರಿಗೆ ಲೆಕ್ಕ ಗೊತ್ತು. ಆಟಗಾರನ ಹೆಸರು ಒತ್ತಿದರೆ ವರ್ಷವಾರು ಪಟ್ಟಿ ಬರುತ್ತದೆ: ಮೂಲ ಸಂಬಳ, ಬೋನಸ್ಸಿನ ಪಾಲು, ಕ್ಯಾಪ್‌ಗೆ ಬೀಳುವ ಮೊತ್ತ, ಈಗಲೇ ಕೈಬಿಟ್ಟರೆ ತಲೆ ಮೇಲೆ ಬೀಳುವ ಡೆಡ್ ಮನಿ. ಸಹಿ ಬೋನಸ್ಸನ್ನು ಕೈಗೆ ಕೊಡುವುದು ಮೊದಲೇ ಆದರೂ, ಕ್ಯಾಪ್ ಪುಸ್ತಕದಲ್ಲಿ ಅದನ್ನು ಹೆಚ್ಚೆಂದರೆ ಐದು ವರ್ಷಕ್ಕೆ ಹಂಚಬಹುದು. ಎರಡು ಕೋಟಿ ಡಾಲರ್ ಬೋನಸ್ ಎಂದುಕೊಳ್ಳಿ, ವರ್ಷಕ್ಕೆ ನಲವತ್ತು ಲಕ್ಷ. ಎರಡು ವರ್ಷ ಆಡಿಸಿ ಕಳಿಸಿಬಿಟ್ಟರೆ ಉಳಿದ ಒಂದು ಕೋಟಿ ಇಪ್ಪತ್ತು ಲಕ್ಷ ಒಂದೇ ಸಲ ಬಂದು ಕೂರುತ್ತದೆ. ಜೂನ್ 1 ದಾಟಿಸಿ ಕಳಿಸಿದರೆ ಈ ವರ್ಷಕ್ಕೆ ನಲವತ್ತು, ಬರುವ ವರ್ಷಕ್ಕೆ ಎಂಬತ್ತು. ಆ್ಯಪಿನಲ್ಲಿ ಇದಕ್ಕೊಂದು ಸ್ವಿಚ್ ಇದೆ, ಆಚೆ ಈಚೆ ಮಾಡಿದರೆ ಅಂಕಿಗಳು ಕಣ್ಣೆದುರೇ ಜರುಗುತ್ತವೆ. ಖರ್ಚನ್ನು ವರ್ಷಗಳಿಗೆ ಹಂಚುವುದೇ ಹೊಟ್ಟೆಪಾಡಾಗಿರುವ ನನ್ನಂಥವಳಿಗೆ ಇದು ಹಬ್ಬ.

ಈಗಲ್ಸ್ ಈ ವಿದ್ಯೆಯಲ್ಲಿ ಪಳಗಿದ ತಂಡ. ಜನರಲ್ ಮ್ಯಾನೇಜರ್ ಹೋವಿ ರೋಸ್‌ಮನ್ ಓದಿದ್ದು ಕಾನೂನು, ಮೊದಲು ಕೆಲಸ ಮಾಡಿದ್ದು ಕ್ಯಾಪ್ ವಿಭಾಗದಲ್ಲಿ. ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್‌ಗೆ 2023ರಲ್ಲಿ ಐದು ವರ್ಷಕ್ಕೆ 25.5 ಕೋಟಿ ಡಾಲರ್ ಬರೆದುಕೊಟ್ಟರು. ಆದರೆ ಆ ವರ್ಷ ಕ್ಯಾಪ್‌ಗೆ ಬಿದ್ದದ್ದು ಒಂದು ಕೋಟಿಗೂ ಕಡಿಮೆ. ಒಪ್ಪಂದ ಮುಗಿದ ಮೇಲೂ ಕಾಗದದ ಮೇಲಷ್ಟೇ ಇರುವ ಹುಸಿ ವರ್ಷಗಳನ್ನು ಸೇರಿಸಿ, ಬೋನಸ್ಸುಗಳನ್ನು ಅಷ್ಟು ದೂರ ಎಳೆದಿದ್ದಾರೆ. ಕ್ಯಾಪ್ ಪ್ರತಿವರ್ಷ ಏರುತ್ತದೆ ಎಂಬ ಭರವಸೆಯ ಮೇಲೆ ಮಾಡುವ ಸಾಲ ಇದು. 2023ರಲ್ಲಿ 22.48 ಕೋಟಿ, 2024ರಲ್ಲಿ 25.54, ಆಮೇಲೆ 27.92. ಭರವಸೆ ಸುಳ್ಳಾಗಿಲ್ಲ. ಸುಳ್ಳಾದರೆ ಹೇಗಿರುತ್ತದೆ ಎನ್ನುವುದಕ್ಕೂ ಇದೇ ತಂಡದ್ದೇ ಉದಾಹರಣೆ ಇದೆ. ಹರ್ಟ್ಸ್‌ಗಿಂತ ಮುಂಚಿನ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ವೆಂಟ್ಸ್‌ನನ್ನು 2021ರಲ್ಲಿ ಇಂಡಿಯಾನಾಪೊಲಿಸ್‌ಗೆ ಕಳಿಸಿದಾಗ ಉಳಿದ ಡೆಡ್ ಮನಿ 3.38 ಕೋಟಿ, ಆಗಿನ ಮಟ್ಟಿಗೆ ಅದೇ ದಾಖಲೆ. ಸಾಲದ್ದಕ್ಕೆ ಕೋವಿಡ್ ಹೊಡೆತಕ್ಕೆ ಕ್ಯಾಪ್ 18.25 ಕೋಟಿಗೆ ಕುಸಿದಿದ್ದ ವರ್ಷ. ಆ್ಯಪಿನ ಹಳೆಯ ವರ್ಷಗಳಲ್ಲಿ 2021 ತೆರೆದು ನೋಡಿ, ಕೆಂಪು ಪಟ್ಟಿ ಪರದೆಯ ಈ ಕೊನೆಯಿಂದ ಆ ಕೊನೆಗೆ ಹೋಗುತ್ತದೆ. ಆದರೂ ಆ ಸೀಸನ್ 9–8 ಮಾಡಿ ಪ್ಲೇಆಫ್‌ಗೆ ಹೋದರು, ಅದು ಬೇರೆ ಮಾತು.

ಇಷ್ಟಕ್ಕೇ ನಾನು ಐದು ಸ್ಟಾರ್ ಕೊಡುತ್ತೇನೆ. ಮುಂದಿನದ್ದು ಡ್ರಾಫ್ಟ್ ಆಟ, ತಕರಾರು ಶುರುವಾಗುವುದು ಅಲ್ಲಿಂದ.

ಟ್ರೇಡ್ ಪರದೆಯಲ್ಲಿ ಎಡಕ್ಕೆ ನಾನು ಕೊಡುವುದು, ಬಲಕ್ಕೆ ಅವರು ಕೊಡುವುದು, ನಡುವೆ ಒಂದು ಪಟ್ಟಿ. ಕೆಂಪಿದ್ದರೆ ಆಗಲ್ಲ, ಹಸಿರಾದರೆ ಮುಗಿಯಿತು. ಹಿಂದಿರುವುದು ತೊಂಬತ್ತರ ದಶಕದ ಆರಂಭದಲ್ಲಿ ಡಲ್ಲಾಸ್ ಕೌಬಾಯ್ಸ್ ಮಾಡಿಕೊಂಡಿದ್ದ, ಕೋಚ್ ಜಿಮ್ಮಿ ಜಾನ್ಸನ್ ಹೆಸರಿನ ಅಂಕಪಟ್ಟಿಯ ಮರಿಮಗ. ಮೊದಲ ಪಿಕ್‌ಗೆ 3000 ಅಂಕ, ಹತ್ತನೆಯದಕ್ಕೆ 1300, ಹನ್ನೆರಡನೆಯದಕ್ಕೆ 1200, ಹೀಗೆ ಇಳಿಯುತ್ತದೆ. ಕೂಡಿಸುವ ಲೆಕ್ಕ ಆದ್ದರಿಂದ ಆರನೇ, ಏಳನೇ ಸುತ್ತಿನ ಚಿಲ್ಲರೆಯನ್ನೆಲ್ಲ ಗುಡ್ಡೆ ಹಾಕಿದರೆ ಕಂಪ್ಯೂಟರ್ ಎರಡನೇ ಸುತ್ತಿನ ಪಿಕ್ ಬಿಟ್ಟುಕೊಡುತ್ತದೆ. ನಿಜವಾದ ಮ್ಯಾನೇಜರ್ ಯಾರಾದರೂ ಅಂಥ ಫೋನ್ ಎತ್ತಿದರೆ ಮರುದಿನ ಅವನಿಗೆ ಕೆಲಸ ಇರುವುದಿಲ್ಲ.

ಅಂಕಪಟ್ಟಿಗೆ ಕಾಣದ್ದು ಏನೆಂದು ತಿಳಿಯಲು 2021ರ ಡ್ರಾಫ್ಟ್ ರಾತ್ರಿಯನ್ನೇ ಆ್ಯಪಿಗೆ ಕೊಟ್ಟು ನೋಡಿದೆ. ಈಗಲ್ಸ್ ಕೈಯಲ್ಲಿ ಹನ್ನೆರಡನೇ ಪಿಕ್. ಎಸೆದ ಚೆಂಡು ಹಿಡಿಯುವ ರಿಸೀವರ್, ಅಲಬಾಮಾದ ಡೆವಾಂಟಾ ಸ್ಮಿತ್ ಬೇಕು. ಹನ್ನೊಂದರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಕೂತಿದ್ದಾರೆ, ಅವರ ಕಣ್ಣೂ ರಿಸೀವರ್ ಮೇಲೆ. ಹತ್ತರಲ್ಲಿ ಡಲ್ಲಾಸ್. ಈ ಮೂರೂ ಒಂದೇ ಡಿವಿಷನ್ನಿನ ತಂಡಗಳು, ಅಂದರೆ ವರ್ಷಕ್ಕೆರಡು ಸಲ ಎದುರುಬದುರಾಗುವ ದಾಯಾದಿಗಳು. ರೋಸ್‌ಮನ್ ಡಲ್ಲಾಸ್‌ಗೇ ಫೋನ್ ಹಚ್ಚಿ 12 ಮತ್ತು 84ನೇ ಪಿಕ್ ಕೊಟ್ಟು ಹತ್ತನ್ನು ತೆಗೆದುಕೊಂಡರು. 84 ಬಂದಿದ್ದು ಅದೇ ವೆಂಟ್ಸ್‌ನನ್ನು ಕಳಿಸಿದ್ದರ ಬದಲಿಗೆ. ಹಳೆಯ ಪಟ್ಟಿಯಲ್ಲಿ 84ಕ್ಕೆ 170 ಅಂಕ. ಕೊಟ್ಟದ್ದು 1370, ಪಡೆದದ್ದು 1300. ಎಪ್ಪತ್ತು ಅಂಕ ನಷ್ಟ ಎಂದು ಆ್ಯಪ್ ಹಳದಿ ತ್ರಿಕೋನ ತೋರಿಸಿತು. ಆ ಎಪ್ಪತ್ತಕ್ಕೆ ಈಗಲ್ಸ್ ಕೊಂಡದ್ದು ಜೈಂಟ್ಸ್‌ಗೆ ಸಿಗದ ಹಾಗೆ ಮಾಡುವ ಹಕ್ಕನ್ನು. ಡಲ್ಲಾಸ್‌ಗೆ ಹನ್ನೆರಡರಲ್ಲಿ ಮೈಕಾ ಪಾರ್ಸನ್ಸ್ ಸಿಕ್ಕಿದ, ಅವರೂ ಅತ್ತಿಲ್ಲ. ಜೈಂಟ್ಸ್ ಮಾತ್ರ ಪಿಕ್ಕನ್ನು ಶಿಕಾಗೋಗೆ ಮಾರಿ ಹಿಂದೆ ಸರಿದರು.

ಇನ್ನೂ ಒಂದು. ಆ್ಯಪ್ ಅಂಕದ ಲೆಕ್ಕ ತೋರಿಸುತ್ತದೆಯೇ ಹೊರತು, ಕಂಪ್ಯೂಟರ್ ನಡೆಸುವ ತಂಡಗಳು ಒಂದೇ ಡಿವಿಷನ್ನಿನವರ ಜೊತೆ ವ್ಯವಹಾರವನ್ನೇ ಮಾಡುವುದಿಲ್ಲ, ಎಷ್ಟು ಕೊಟ್ಟರೂ ಕೆಂಪೇ. 2024ರಲ್ಲಿ ಡಿಫೆನ್ಸ್ ಆಟಗಾರ ಕೂಪರ್ ಡಿಜೀನ್‌ಗಾಗಿ ಈಗಲ್ಸ್ ಐವತ್ತರಿಂದ ನಲವತ್ತಕ್ಕೆ ಹಾರಿದ್ದು ವಾಷಿಂಗ್ಟನ್ ಜೊತೆ, ಅವರೂ ಅದೇ ಡಿವಿಷನ್ನು. ಆ ಹುಡುಗ ಮುಂದಿನ ಫೆಬ್ರವರಿಯಲ್ಲಿ ತನ್ನ ಹುಟ್ಟುಹಬ್ಬದ ದಿನವೇ ಸೂಪರ್ ಬೌಲ್‌ನಲ್ಲಿ ಎದುರಾಳಿ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ ಎಸೆತ ಕಸಿದು ಟಚ್‌ಡೌನ್ ಹೊಡೆದ. ಆ್ಯಪಿನಲ್ಲಿ ಅವನು ನನಗೆ ಸಿಗುವುದೇ ಇಲ್ಲ.

ಈಗ ಗ್ರೇಡಿನ ವಿಷಯ. ಏಳು ಸುತ್ತು ಮುಗಿದ ಮೇಲೆ ಚಿನ್ನದ ಬಣ್ಣದ ಚೌಕಟ್ಟಿನಲ್ಲಿ ಒಂದು ಅಕ್ಷರ ಬರುತ್ತದೆ, ಜನ ಅದನ್ನು ಹಂಚಿಕೊಂಡು ಮೆರೆಯುತ್ತಾರೆ. ನಮ್ಮ ಮನೆಯಲ್ಲಿ ಸದಾ ಎ ಪ್ಲಸ್ ತೆಗೆಯುವವನು ಮಗ. “ಹೇಗೋ?” ಅಂದರೆ, “ಅಮ್ಮ, ಲಿಸ್ಟಲ್ಲಿ ಮೇಲಿರೋನ್ನ ಒತ್ತಿದ್ರೆ ಆಯ್ತು. ಆಟ ನೋಡೋ ಅಗತ್ಯನೇ ಇಲ್ಲ” ಅನ್ನುತ್ತಾನೆ. ಅವನ ಮಾತು ನೂರಕ್ಕೆ ನೂರು ಸರಿ. ಆ್ಯಪಿನ ಬಳಿ ಆಟಗಾರರ ಒಂದು ಕ್ರಮಾಂಕಪಟ್ಟಿ ಇದೆ. ಕಂಪ್ಯೂಟರ್ ಮೂವತ್ತೊಂದು ತಂಡಗಳನ್ನು ನಡೆಸುವುದು ಅದೇ ಪಟ್ಟಿಯಿಂದ, ನನಗೆ ಅಂಕ ಕೊಡುವುದೂ ಅದರಿಂದಲೇ. ಪ್ರಶ್ನೆಪತ್ರಿಕೆ ಬರೆದವನೇ ಉತ್ತರವನ್ನೂ ಪಕ್ಕದಲ್ಲಿಟ್ಟು ಪರೀಕ್ಷೆ ನಡೆಸಿದ ಹಾಗೆ.

ನಿಜವಾದ ತಂಡಗಳ ಪಟ್ಟಿ ಹಾಗಿರುವುದಿಲ್ಲ, ಮೂವತ್ತೆರಡಕ್ಕೂ ಬೇರೆ ಬೇರೆ. 2025ರ ಏಪ್ರಿಲ್‌ನಲ್ಲಿ ಈ ಆ್ಯಪಿನಲ್ಲಿ ಕ್ವಾರ್ಟರ್‌ಬ್ಯಾಕ್ ಶೆಡೂರ್ ಸ್ಯಾಂಡರ್ಸ್ ಎರಡನೇ ಸುತ್ತಿಗೆ ಉಳಿದದ್ದನ್ನು ನಾನು ಕಂಡೇ ಇಲ್ಲ. ಗ್ರೀನ್ ಬೇನಲ್ಲಿ ನಿಜವಾದ ಡ್ರಾಫ್ಟ್ ನಡೆದಾಗ ಅವನನ್ನು ಕ್ಲೀವ್‌ಲ್ಯಾಂಡ್ ಕರೆದದ್ದು ಐದನೇ ಸುತ್ತಿನಲ್ಲಿ, 144ನೆಯವನಾಗಿ. ಅದೇ ಕ್ಲೀವ್‌ಲ್ಯಾಂಡ್ ಅದಕ್ಕೂ ಮೊದಲು ಮೂರನೇ ಸುತ್ತಿನಲ್ಲೇ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್, ಡಿಲನ್ ಗೇಬ್ರಿಯಲ್‌ನನ್ನು ತೆಗೆದುಕೊಂಡಿತ್ತು. ಇಂಥ ಕುಸಿತ ಕಂಪ್ಯೂಟರಿನ ಕನಸಿನಲ್ಲೂ ಬರುವುದಿಲ್ಲ, ಏಕೆಂದರೆ ಪಟ್ಟಿಯಲ್ಲಿ ಮೇಲಿರುವವನನ್ನು ಯಾರಾದರೊಬ್ಬರು ಎತ್ತಿಕೊಳ್ಳಲೇಬೇಕು ಎಂದು ಅದಕ್ಕೆ ಹೇಳಿಕೊಟ್ಟಿದ್ದಾರೆ.

ಹಳೆಯ ಡ್ರಾಫ್ಟುಗಳಲ್ಲಿ ಈಗಲ್ಸ್ ಮಾಡಿದ್ದನ್ನೇ ಮಾಡಿದರೆ ಏನು ಗ್ರೇಡ್ ಬರುತ್ತದೆ? 2020ರಲ್ಲಿ 53ನೇ ಪಿಕ್‌ಗೆ ಹರ್ಟ್ಸ್ ಹೆಸರು ಒತ್ತಿದೆ. ‘ಡಿ’. ಕಾರಣವನ್ನೂ ಬರೆಯುತ್ತದೆ: ಅಗತ್ಯವಿಲ್ಲದ ಸ್ಥಾನ. ಒಂದು ರೀತಿಯಲ್ಲಿ ನ್ಯಾಯವೇ, ಹಿಂದಿನ ವರ್ಷವಷ್ಟೇ ವೆಂಟ್ಸ್‌ಗೆ 12.8 ಕೋಟಿ ಡಾಲರಿನ ಹೊಸ ಒಪ್ಪಂದ ಆಗಿತ್ತು, ಆಗ ಈ ಊರಿನವರೂ ಬಾಯಿಗೆ ಬಂದಂತೆ ಬೈದಿದ್ದರು. ಆ ‘ಡಿ’ 2025ರ ಸೂಪರ್ ಬೌಲ್‌ನ ಅತ್ಯುತ್ತಮ ಆಟಗಾರ. ಇನ್ನು 2018ರ ಏಳನೇ ಸುತ್ತು, 233ನೇ ಪಿಕ್, ಜೋರ್ಡನ್ ಮೈಲಾಟಾ. ಆಸ್ಟ್ರೇಲಿಯಾದ ರಗ್ಬಿ ಹುಡುಗ, ಅಮೆರಿಕನ್ ಫುಟ್‌ಬಾಲ್ ಪಂದ್ಯ ಒಂದನ್ನೂ ಆಡಿರಲಿಲ್ಲ. ಆ್ಯಪಿನ 2018ರ ಪಟ್ಟಿಯಲ್ಲಿ ಅವನ ಹೆಸರೇ ಇಲ್ಲ, ಹುಡುಕಿದರೆ ಖಾಲಿ ಪರದೆ. ಅವನು ಈಗಲ್ಸ್‌ನ ಎಡ ಟ್ಯಾಕಲ್ ಆಗಿ ಹರ್ಟ್ಸ್‌ನ ಬೆನ್ನು ಕಾಯುವವನಾದ. ಅಂಥವನನ್ನು ಗೋಡೆಯ ಹಾಗೆ ನಿಲ್ಲಿಸಿದ್ದು ಲೈನ್ ಕೋಚ್ ಜೆಫ್ ಸ್ಟೌಟ್‌ಲ್ಯಾಂಡ್. ಯಾವ ಕೋಚಿನ ಕೈಗೆ ಆಟಗಾರ ಬೀಳುತ್ತಾನೆ ಎಂಬ ಕಾಲಂ ಆ್ಯಪಿನಲ್ಲಿಲ್ಲ.

ಸುಮ್ಮನೆ ಪಿಕ್ ಎಣಿಸುವವರಿಗೆ ಕಾಣದೆ ಹೋಗುವುದು ಮಾರ್ಚ್ ತಿಂಗಳು, ಅಂದರೆ ಒಪ್ಪಂದ ಮುಗಿದ ಆಟಗಾರರು (ಫ್ರೀ ಏಜೆಂಟ್‌ಗಳು) ತಂಡ ಬದಲಿಸುವ ಹೊತ್ತು. 2024ರ ಮಾರ್ಚ್‌ನಲ್ಲಿ ಈಗಲ್ಸ್ ಎರಡು ಸಹಿ ಮಾಡಿಸಿದರು. ಒಂದು ಎಲ್ಲರಿಗೂ ಗೊತ್ತಿರುವುದು: ಜೈಂಟ್ಸ್ ಬಿಟ್ಟುಕೊಟ್ಟ ಸೇಕ್ವಾನ್ ಬಾರ್ಕ್ಲಿ, ಅದೇ ಸೀಸನ್ 2005 ಗಜ ಓಡಿದ. ಇನ್ನೊಂದು ಯಾರೂ ಗಮನಿಸದ್ದು: ನ್ಯೂ ಆರ್ಲಿಯನ್ಸ್‌ನಲ್ಲಿ ಹೆಚ್ಚಾಗಿ ಸ್ಪೆಷಲ್ ಟೀಮ್ಸ್‌ನಲ್ಲೇ, ಅಂದರೆ ಚೆಂಡು ಒದೆಯುವ ಹೊತ್ತಿಗೆ ಇಳಿಯುವ ಗುಂಪಿನಲ್ಲೇ ಆಡುತ್ತಿದ್ದ ಝ್ಯಾಕ್ ಬಾನ್, ಒಂದು ವರ್ಷಕ್ಕೆ 35 ಲಕ್ಷ ಡಾಲರ್. ಹೊಸದಾಗಿ ಬಂದ ಡಿಫೆನ್ಸ್ ಕೋಚ್ ವಿಕ್ ಫ್ಯಾಂಜಿಯೊ ಅವನನ್ನು ನಡುವಿನ ಲೈನ್‌ಬ್ಯಾಕರ್ ಮಾಡಿದರು, ವರ್ಷದ ಕೊನೆಗೆ ಆಲ್-ಪ್ರೊ, ಅಂದರೆ ಲೀಗಿನ ಅತ್ಯುತ್ತಮರ ಪಟ್ಟಿಯಲ್ಲಿ ಅವನ ಹೆಸರು. ಆ್ಯಪಿನ ಫ್ರೀ ಏಜೆಂಟ್ ಪುಟದಲ್ಲಿ ಬಾನ್‌ನನ್ನು ತೆಗೆದುಕೊಂಡರೂ ಲೈನ್‌ಬ್ಯಾಕರ್ ಕೊರತೆಯ ಕೆಂಪು ಚುಕ್ಕೆ ಹೋಗಲಿಲ್ಲ. ಹಾಗೆಯೇ, ದುಬಾರಿಯಾದವರನ್ನು ಹೋಗಲು ಬಿಟ್ಟರೆ ಮರುವರ್ಷ ಮೂರರಿಂದ ಏಳನೇ ಸುತ್ತಿನೊಳಗೆ ಪರಿಹಾರದ ಪಿಕ್ ಸಿಗುತ್ತದೆ. ಗೆದ್ದ ತಂಡಗಳು ಹೊಟ್ಟೆ ತುಂಬಿಸಿಕೊಳ್ಳುವುದೇ ಇದರಿಂದ. ಆ್ಯಪಿನಲ್ಲಿ ಇದರ ಅಂದಾಜು ಇದೆ, ಆದರೆ ಮೂರು ಮೆನು ಒಳಗೆ ಹೂತಿಟ್ಟಿದ್ದಾರೆ. ಗ್ರೇಡಿಗೆ ಅದು ಸೇರುವುದೂ ಇಲ್ಲ.

ಜಾಹೀರಾತಿನ ಕಾಟ ದುಡ್ಡು ಕೊಟ್ಟ ಮೇಲೆ ನಿಂತಿದೆ. ಹಳೆಯ ಫೋನಿನಲ್ಲಿ ಆರನೇ ಸುತ್ತಿಗೆ ಬರುವ ಹೊತ್ತಿಗೆ ಏದುಸಿರು ಬಿಡುತ್ತದೆ. ಆಗಸ್ಟಿನಲ್ಲಿ 53ಕ್ಕೆ ಇಳಿಸುವ ಕೆಲಸ, ಅಂದರೆ ನಿಜಕ್ಕೂ ಎದೆ ಕಲಕುವ ಭಾಗ, ಇಲ್ಲವೇ ಇಲ್ಲ. ಡ್ರಾಫ್ಟ್ ಮುಗಿದರೆ ಆಟ ಮುಗಿಯಿತು.

ತೆಗೆದುಕೊಳ್ಳುವವರಿಗೆ ನನ್ನ ಸಲಹೆ: ವರ್ಷದ ಚಂದಾ ಕಟ್ಟಬೇಡಿ. ಫ್ರೀ ಏಜೆನ್ಸಿ ತೆರೆಯುವ ಮಾರ್ಚಿನಿಂದ ಡ್ರಾಫ್ಟ್ ಮುಗಿಯುವ ಏಪ್ರಿಲ್‌ವರೆಗೆ ತಿಂಗಳ ಲೆಕ್ಕದಲ್ಲಿ ಕೊಟ್ಟರೆ ಸಾಕು. ಸೆಟ್ಟಿಂಗ್ಸ್‌ನಲ್ಲಿ ಕಂಪ್ಯೂಟರ್ ತಂಡಗಳ ‘ಅಂದಾಜು ಏರುಪೇರು’ ಎಂಬ ಗುಬಟನ್ನು ಪೂರ್ತಿ ಬಲಕ್ಕೆ ತಿರುಗಿಸಿ, ಆಗ ಸ್ವಲ್ಪವಾದರೂ ಆಶ್ಚರ್ಯಗಳು ಬರುತ್ತವೆ. ಗ್ರೇಡ್ ತೋರಿಸುವುದನ್ನು ಆಫ್ ಮಾಡಲು ಅದರ ಕೆಳಗೇ ಇನ್ನೊಂದು ಸ್ವಿಚ್ ಇದೆ. ತಿಂಗಳು ಮುಗಿಯುವ ಮುಂಚೆ ಚಂದಾ ರದ್ದು ಮಾಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಮೇ ತಿಂಗಳ ದುಡ್ಡನ್ನೂ ಕಿತ್ತುಕೊಳ್ಳುತ್ತಾರೆ.