ವ್ಯವಹಾರದ ಇಂಗ್ಲಿಷ್: ಮೊಬೈಲ್ ಆ್ಯಪೋ, ನಿಮ್ಮದೇ ಪತ್ರಗಳೋ?

ಮಡಿಕೇರಿಯಲ್ಲಿ ಹೋಮ್‌ಸ್ಟೇ ನಡೆಸುವವರಿಗಾಗಲಿ, ಸೋಮವಾರಪೇಟೆಯಿಂದ ಹೊರದೇಶದ ಖರೀದಿದಾರರಿಗೆ ಕಾಫಿಯ ಮಾದರಿ ಕಳುಹಿಸುವ ಬೆಳೆಗಾರರಿಗಾಗಲಿ ಬೇಕಾಗಿರುವುದು ತಪ್ಪಿಲ್ಲದ, ನೇರವಾದ ಇಂಗ್ಲಿಷ್. ಅಭ್ಯಾಸಕ್ಕೆ ಎರಡು ದಾರಿಗಳಿವೆ: ಮೊಬೈಲ್ ಆ್ಯಪ್‌ನ ಪಾಠಗಳು, ಇಲ್ಲವೇ ನಿಮ್ಮದೇ ಇಮೇಲ್‌ಗಳನ್ನು ತಿದ್ದಿ ಬರೆಯುವುದು.

ಆ್ಯಪ್ ಇದ್ದರೆ ಬಸ್ಸಿನಲ್ಲಿ ಕುಳಿತೂ ಕಲಿಯಬಹುದು, ತಪ್ಪಿದರೆ ಕೂಡಲೇ ತಿಳಿಯುತ್ತದೆ. ಬುನಾದಿ ಗಟ್ಟಿಯಿಲ್ಲದವರು ಇಲ್ಲಿಂದಲೇ ಆರಂಭಿಸಲಿ. ಆದರೆ ಅಲ್ಲಿ ಹೆಚ್ಚಾಗಿ ಮಾಡುವುದು ಕೊಟ್ಟ ಉತ್ತರಗಳಲ್ಲಿ ಒಂದನ್ನು ಆರಿಸುವ ಕೆಲಸ. ಖಾಲಿ ಪರದೆಯ ಮೇಲೆ ನೀವೇ ವಾಕ್ಯ ಕಟ್ಟಬೇಕಾದಾಗ ಆ ಅಭ್ಯಾಸ ಕೈಕೊಡುತ್ತದೆ. ಮಳೆಗಾಲದಲ್ಲಿ ನೆಟ್‌ವರ್ಕ್ ಹೋದರಂತೂ ಪಾಠವೇ ನಿಲ್ಲಬಹುದು.

ನನ್ನ ಒಲವು ಎರಡನೆಯದರ ಕಡೆಗೆ. ಈಚೆಗೆ ಕಳುಹಿಸಿದ ಒಂದು ಪತ್ರವನ್ನು ತೆರೆಯಿರಿ. ‘ಐ ಹ್ಯಾವ್ ಸೆಂಟ್ ದ ಸ್ಯಾಂಪಲ್ ಯೆಸ್ಟರ್‌ಡೇ’ ಎಂದಿದೆಯೇ? ನಿನ್ನೆ ಎಂದು ಮುಗಿದ ಕಾಲವನ್ನು ಹೆಸರಿಸಿದ ಮೇಲೆ ‘ಹ್ಯಾವ್’ ಸಲ್ಲದು. ‘ಐ ಸೆಂಟ್’ ಸಾಕು. ದಿನ ಹೇಳದೆ, ಮಾದರಿ ಕಳುಹಿಸಿಯಾಗಿದೆ ಎಂದಷ್ಟೇ ತಿಳಿಸುವಾಗ ‘ಐ ಹ್ಯಾವ್ ಸೆಂಟ್’ ಸರಿ. ಸ್ವಂತ ಪತ್ರದಲ್ಲಿ ತಿದ್ದಿಕೊಂಡ ನಿಯಮ ಸುಲಭಕ್ಕೆ ಮರೆಯುವುದಿಲ್ಲ. ಇನ್‌ವಾಯ್ಸ್, ಅಡ್ವಾನ್ಸ್, ಬುಕಿಂಗ್ ರದ್ದತಿ, ಹೀಗೆ ದಿನವೂ ಬೇಕಾಗುವ ಪದಗಳೂ ತಾವಾಗಿ ಕೈಗೆ ಹತ್ತುತ್ತವೆ.

ತೊಡಕು ಒಂದೇ, ತಿದ್ದುವವರು ಬೇಕು. ಪರಿಚಯದ ಶಿಕ್ಷಕರೋ, ಕಾಲೇಜಿಗೆ ಹೋಗುವ ಮಗಳೋ ಆದೀತು. ಯಾರೂ ಸಿಗದಿದ್ದರೆ ಬ್ರಿಟಿಷ್ ಕೌನ್ಸಿಲ್ ಜಾಲತಾಣದ ಉಚಿತ ವ್ಯಾಕರಣ ಪಾಠಗಳನ್ನು ಪಕ್ಕದಲ್ಲಿಟ್ಟುಕೊಂಡು ತಿದ್ದಿ.

ಉದ್ಯೋಗಕ್ಕೆ ಪ್ರಮಾಣಪತ್ರವೇ ಬೇಕೆನ್ನುವವರಿಗೆ ಕೇಂಬ್ರಿಜ್‌ನ ವ್ಯವಹಾರ ಇಂಗ್ಲಿಷ್ ಪರೀಕ್ಷೆಗಳು ಬಿ1, ಬಿ2, ಸಿ1 ಎಂಬ, ಒಂದಕ್ಕಿಂತ ಒಂದು ಕಠಿಣವಾದ ಮೂರು ಹಂತಗಳಲ್ಲಿವೆ. ಅವುಗಳಲ್ಲಿ ಬರವಣಿಗೆಯೂ ಇರುವುದರಿಂದ ಆ್ಯಪ್ ಒಂದನ್ನೇ ನಂಬಿ ಕೂರಬೇಡಿ.